ಬುಗುರಿ ಸಾಬರ ಪೀಪಿ

ಕಾಗೆ ನಿದ್ದೆ ಮಾಡುವುದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ದಿನ ಬೆಳಗಾದರೆ ಹಿತ್ತಲಲ್ಲಿ, ಸೂರಿನ ಮೇಲೆ, ಬಾವಿಕಟ್ಟೆಯ ಮೇಲೆ ಎಲ್ಲೆಲ್ಲೂ ಕಾಗೆಯೇ. ಆದರೆ ಕಣ್ಣು ಮುಚ್ಚಿ ಮಲಗಿದ ಕಾಗೆಯನ್ನು ನಾನಂತೂ ಈ ಅರವತ್ತು ವರ್ಷಗಳಲ್ಲಿ ಕಂಡಿಲ್ಲ. ಪ್ರಶ್ನೆ ನನ್ನದಲ್ಲ. ಪ್ಲೇಗಿನ ವರ್ಷ ಚನ್ನಪಟ್ಟಣದ ಹೊರಗೆ, ಹುಲ್ಲು ಹೊದಿಸಿದ ನಮ್ಮ ಷೆಡ್ಡಿನ ಮುಂದೆ ನಿಂತು ಒಬ್ಬರು ಕೇಳಿದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಈಗ್ಲೇ ಯೋಳ್‌ಬ್ಯಾಡಿ ಮೇಷ್ಟ್ರಮ್ಮ. ಒಸಿ ಯೋಚ್ನೆ ಮಾಡಿ. ಸಂಜೆಗೆ ಬತ್ತೀನಿ, ಆಗ ಉತ್ರ ಕೊಡೀರಂತೆ."

ಅವರ ಹೆಸರು ಬರೆಯೋಣವೆಂದರೆ ನನಗೆ ಗೊತ್ತಿಲ್ಲ. ಊರಿಗೆಲ್ಲ ಪ್ರಶ್ನೆ ಕೇಳಿದ ಮನುಷ್ಯನನ್ನು ನಿಮ್ಮ ಹೆಸರೇನೆಂದು ನಾವು ಯಾರೂ ಕೇಳಲಿಲ್ಲ. ಎಲ್ಲರಿಗೂ ಅವರು ಬುಗುರಿ ಸಾಬರು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಗ ನನಗೆ ಹತ್ತೊಂಬತ್ತು. ನಮ್ಮವರು ಚನ್ನಪಟ್ಟಣದ ಸ್ಕೂಲಿನಲ್ಲಿ ಮೇಷ್ಟರು. ಮನೆಯಲ್ಲಿ ನಾನು, ಅವರು, ನನ್ನ ಅತ್ತೆ, ಮೂವರೇ. ಅತ್ತೆಗೆ ನಮ್ಮವರು ಒಬ್ಬನೇ ಮಗ. ಅವರ ಮಡಿಯ ವಿಷಯ ಹೇಳತೊಡಗಿದರೆ ಇನ್ನೊಂದು ಲೇಖನವೇ ಆಗುತ್ತದೆ. ನೀರನ್ನು ಕೂಡ ಮೇಲೆತ್ತಿ ಬಾಯಿಗೆ ಬಿಟ್ಟುಕೊಳ್ಳುವವರು. ಲೋಟದ ಅಂಚು ಅವರ ತುಟಿಗೆ ತಾಗಿದ್ದನ್ನು ಕಂಡವರಿಲ್ಲ. ಎಂಜಲು ಎಂಬ ಮಾತು ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಸಲ ಕೇಳಿಬರುತ್ತಿತ್ತು. ಯಾವುದಕ್ಕೆ ಮೈಲಿಗೆ ತಾಗಿದರೂ ಅವರದು ಒಂದೇ ಔಷಧ: ಕುದಿಯುವ ನೀರು.

ಮನೆಯಲ್ಲಿ ಇಲಿ ಬಿದ್ದರೆ ಊರು ಬಿಡಬೇಕು, ಅದು ಆಗಿನ ಕಟ್ಟಳೆ. ನಮ್ಮ ಮನೆಯ ಇಲಿ ಎಲ್ಲ ಬಿಟ್ಟು ದೇವರ ಮನೆಯಲ್ಲೇ ಬಂದು ಸತ್ತಿತು. ಅದೇ ದಿನ ಗಂಟು ಮೂಟೆ ಕಟ್ಟಿ ಕೆರೆಯ ಈಚೆ ದಡದ ಬಯಲಿಗೆ ಹೋದೆವು. ಅಲ್ಲಿ ಮೊದಲು ಬಂದವರಿಗೆ ಮೊದಲ ಷೆಡ್ಡು. ನಮ್ಮ ಬೀದಿ, ನಿಮ್ಮ ಬೀದಿ ಎಂಬುದಿಲ್ಲ. ನಮಗೆ ಸಿಕ್ಕಿದ ಷೆಡ್ಡಿನ ಒಂದು ಪಕ್ಕಕ್ಕೆ ಕುರಿ ಸಾಕುವ ಗೌಡರ ಮನೆಯವರು, ಇನ್ನೊಂದು ಪಕ್ಕಕ್ಕೆ ಬೊಂಬೆ ಕಡೆಯುವ ಸಾಬರು ಮತ್ತು ಅವರ ಹೆಂಡತಿ. ಅತ್ತೆ ಮೊದಲ ದಿನವೇ ನಮ್ಮ ಷೆಡ್ಡಿಗೂ ಸಾಬರ ಷೆಡ್ಡಿಗೂ ನಡುವೆ ರಂಗೋಲಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. ಸಾಬರು ಒಂದು ಕಣ್ಣು ಮುಚ್ಚಿ ಆ ಗೆರೆಯನ್ನು ತುದಿಯಿಂದ ತುದಿಗೆ ನೋಡಿದರು. ಕಡೆದ ಮರ ನೆಟ್ಟಗಿದೆಯೇ ಎಂದು ನೋಡುವ ಅಭ್ಯಾಸ ಅದು.

"ದೊಡ್ಡಮ್ಮೋರೆ, ನೂಲು ಇಡೀದೆ ಇಷ್ಟು ನೆಟ್ಟಗೆ ಎಂಗೆ ಎಳುದ್ರಿ?"

ಅತ್ತೆ ರಂಗೋಲಿ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಆದರೆ ಮಾರನೆಯ ದಿನ ಗೆರೆ ಇನ್ನೂ ನೆಟ್ಟಗಿತ್ತು.

ಊರು ಬಿಡುವಾಗ ಒಬ್ಬೊಬ್ಬರು ಒಂದೊಂದು ಹೊತ್ತು ತಂದಿದ್ದರು. ಸಾಬರು ತಂದದ್ದು ಮರ ಕಡೆಯುವ ಯಂತ್ರ, ಹಾಲೆ ಮರದ ತುಂಡುಗಳು, ಅರಗಿನ ಕಡ್ಡಿಗಳು. ಮಿಕ್ಕ ಸಂಸಾರವನ್ನೆಲ್ಲ ಅವರ ಹೆಂಡತಿ ತಲೆಯ ಮೇಲೆ ಹೊತ್ತು ತಂದಿದ್ದರು. ಯಂತ್ರವೆಂದರೆ ದೊಡ್ಡದೇನಲ್ಲ. ಎರಡು ಗೂಟಗಳ ನಡುವೆ ಮರ ಸಿಕ್ಕಿಸಿ, ಹಗ್ಗ ಸುತ್ತಿ, ಒಬ್ಬರು ಆ ಕಡೆ ಈ ಕಡೆ ಎಳೆಯಬೇಕು, ಇನ್ನೊಬ್ಬರು ಉಳಿ ಹಿಡಿಯಬೇಕು. ಹಗ್ಗ ಹೆಂಡತಿಯದು, ಉಳಿ ಗಂಡನದು. ಮರ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಅರಗು ಕರಗಿ ಬಣ್ಣ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆ ಎಲೆಯಲ್ಲಿ ಉಜ್ಜಿದರೆ ಹೊಳಪು. ಸಾಬರ ಬಲಗೈ ಹೆಬ್ಬೆರಳ ಉಗುರು ಯಾವಾಗಲೂ ಕೆಂಪು, ಎಡಗೈಯದು ಹಸಿರು.

ಪ್ಲೇಗಿನ ಊರಿನ ಸಾಮಾನು ಯಾರಿಗೂ ಬೇಡ. ಬೊಂಬೆ ಕೊಳ್ಳುವ ವ್ಯಾಪಾರಿಗಳು ಇತ್ತ ತಲೆ ಹಾಕಲಿಲ್ಲ. ಸಾಬರು ಸುಮ್ಮನೆ ಕೂರಲಾರದೆ ಬುಗುರಿ ಕಡೆದರು. ಮಕ್ಕಳಿಗೆ ಮುಗಿದ ಮೇಲೆ ದೊಡ್ಡವರಿಗೂ ಹಂಚಿದರು. ಮೀಸೆ ನರೆತ ಗಂಡಸರು ಚಾಟಿ ಸುತ್ತಿ ಬುಗುರಿ ಬಿಟ್ಟು, ಇನ್ನೊಬ್ಬರ ಬುಗುರಿಗೆ ಗುನ್ನ ಕೊಟ್ಟು, ಜಗಳವಾಡಿ, ನಕ್ಕು ಹೊತ್ತು ಕಳೆದರು. ಬುಗುರಿ ಸಾಬರು ಎಂಬ ಹೆಸರು ಬಿದ್ದದ್ದು ಹಾಗೆ.

ಆದರೆ ಅವರ ನಿಜವಾದ ಕಸುಬು ಪ್ರಶ್ನೆಯದು. ಬೆಳಿಗ್ಗೆ ಹಾಲಿನವಳು ಹಾಲು ಕೊಟ್ಟು ಹೋಗುವಂತೆ ಷೆಡ್ಡು ಷೆಡ್ಡಿಗೂ ಒಂದೊಂದು ಪ್ರಶ್ನೆ ಕೊಟ್ಟು ಹೋಗುತ್ತಿದ್ದರು. ಸಂಜೆ ಬಂದು ಉತ್ತರ ಕೇಳುತ್ತಿದ್ದರು. ಕಾಯಿಲೆಯ ವಿಷಯ ಪ್ರಶ್ನೆಯಲ್ಲೂ ಬರಬಾರದು, ಉತ್ತರದಲ್ಲೂ ಬರಬಾರದು. ಬಂದರೆ ಹೇಳಿದವರು ಪಕ್ಕದ ಷೆಡ್ಡಿಗೆ ಎರಡು ಕೊಡ ನೀರು ಸೇದಿ ಕೊಡಬೇಕು. ಗೌಡರನ್ನು ಕೇಳಿದ್ದು: "ಗೌಡ್ರೆ, ಮಳೆ ಬಂದಾಗ ಕುರಿ ಎಲ್ಲಾ ತಲೆ ಒಳೀಕೆ ಆಕ್ಕೊಂಡು ನಿಂತ್ಕತವಲ್ಲ, ಮದ್ಲು ತಲೆ ಬಗ್ಸೋ ಕುರಿ ಯಾವ್ದು?" ಹುಟ್ಟಿದಂದಿನಿಂದ ಕುರಿಯ ಹಿಂದೆ ತಿರುಗಿದ ಗೌಡರು ಇದಕ್ಕೆ ಮೂರು ದಿನ ತಗೊಂಡರು. ಮಳೆಯಿಲ್ಲದ ಕಾಲವಾದ್ದರಿಂದ ಹೆಂಡತಿಯ ಕೈಯಲ್ಲಿ ಕೊಡದಿಂದ ನೀರು ಚಿಮುಕಿಸಿ ನೋಡಿದರಂತೆ. "ಕುರಿ ನನ್ನ ಮಕಾನೇ ನೋಡ್ತಾ ನಿಂತ್ಕಂಡೋ ಕಣ್ರೀ, ನಂಗೇನ್ ಬಂದದೆ ಅಂತ" ಎಂದು ಅವರು ಹೇಳಿದಾಗ ಬಯಲೆಲ್ಲ ನಕ್ಕಿತು.

ನನ್ನ ಅತ್ತೆಯ ಪಾಲಿಗೆ ಬಂದದ್ದು ಬೇಳೆಯ ಪ್ರಶ್ನೆ. ಬೇಳೆ ಬೇಯುವ ಮುಂಚೆ ಉಪ್ಪು ಹಾಕಿದರೆ ಏನಾಗುತ್ತದೆ, ಯಾಕಾಗುತ್ತದೆ?

"ಈ ಸಾಬರಿಗೆ ನಮ್ಮ ಹುಳಿ ಸಮಾಚಾರ ಯಾಕಂತೆ?" ಎಂದು ಅತ್ತೆ ಗೊಣಗಿದರು. ಸಂಜೆ ಮಾತ್ರ ಗೆರೆಯ ಈಚೆ ಮಣೆ ಹಾಕಿಕೊಂಡು ಕೂತು, ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲವೆಂದು ಒಂದು ಗಂಟೆ ಕಾಲ ವಿವರಿಸಿದರು. ಎಲ್ಲ ಕೇಳಿಯಾದ ಮೇಲೆ ಸಾಬರು, "ಸರಿ, ಯಾಕೆ ಬೇಯಲ್ಲ?" ಎಂದರು. ಮಾರನೆಯ ದಿನ ಅತ್ತೆ ಎರಡು ಒಲೆ ಹೂಡಿ, ಎರಡು ಪಾತ್ರೆಯಲ್ಲಿ ಬೇಳೆಗಿಟ್ಟು, ಒಂದಕ್ಕೆ ಮೊದಲೇ ಉಪ್ಪು ಹಾಕಿ, ಬೇಳೆಯ ಕಾಳನ್ನು ಬೆರಳಲ್ಲಿ ಹಿಸುಕಿ ಹಿಸುಕಿ ನೋಡುತ್ತಾ ಕೂತಿದ್ದರು. ನಾನು ಮದುವೆಯಾಗಿ ಬಂದಮೇಲೆ ಅವರ ಮುಖದಲ್ಲಿ ಅಂಥ ಉತ್ಸಾಹ ಕಂಡದ್ದು ಅದೇ ಮೊದಲು. ಆವತ್ತು ನಾವು ಎರಡು ಬಗೆಯ ಹುಳಿ ಉಂಡೆವು.

"ಇವ್ರು ಯಾವಾಗ್ಲೂ ಇಂಗೇನಾ?" ಎಂದು ಒಂದು ದಿನ ಸಾಬರ ಹೆಂಡತಿಯನ್ನು ಗೌಡರ ಮನೆಯಾಕೆ ಕೇಳಿದರು.

"ಏನ್ ಯೋಳ್ಲಿ ಅಮ್ಮ. ನಿಖಾ ದಿವ್ಸ ಎಲ್ರೂ ಊಟುಕ್ ಕೂತವ್ರೆ, ಇವ್ರು ಅಡ್ಗೆಯೋನ್ ತಾವ ನಿಂತ್ಕಂಡು, ಇಷ್ಟು ದೊಡ್ಡ ಹಂಡೆ ಎಂಗ್ ಒಲೆ ಮ್ಯಾಲಿಂದ ಇಳ್ಸೀಯಾ ಅಂತ ಕೇಳ್ತಾವ್ರೆ" ಎಂದು ಆಕೆ ಹಣೆ ಚಚ್ಚಿಕೊಂಡರು. ಆಕೆಯ ಮಾತಿನಲ್ಲಿ ಬೇಸರ ಇರಲಿಲ್ಲ.

ಹೀಗಿರುವಾಗ ನಮ್ಮವರು ಕ್ಲೋಸ್‌ಪೇಟೆಗೆ, ಅಂದರೆ ಈಗಿನ ರಾಮನಗರಕ್ಕೆ, ಜೊತೆಯ ಮೇಷ್ಟರೊಬ್ಬರಿಗೆ ಜ್ವರವೆಂದು ನೋಡಿಬರಲು ಹೋದರು. ಆ ಮೇಷ್ಟರು ಅದೇ ದಿನ ತೀರಿಕೊಂಡರು. ಪ್ಲೇಗೇ. ಹಿಂದಿರುಗಿದ ನಮ್ಮವರನ್ನು ದಾರಿಯಲ್ಲೇ ಹಿಡಿದು, ಕೆರೆಯ ಆಚೆ ದಡದ ಷೆಡ್ಡುಗಳಿಗೆ ಕಳಿಸಿದರು. ಕಾಯಿಲೆಯವರ ಜೊತೆ ಇದ್ದವರೆಲ್ಲ ಅಲ್ಲಿ ಹತ್ತು ದಿನ ಇರಬೇಕು. ಹತ್ತು ದಿನದಲ್ಲಿ ಜ್ವರ ಬರದಿದ್ದರೆ ಮನೆಗೆ. ಬಂದರೆ ಏನೆಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಷೆಡ್ಡುಗಳು ಹೊಂಗೆ ತೋಪಿನ ಹಿಂದೆ ಇದ್ದವು. ಮುಂದೆ ಒಂದು ಗಡಿಕಲ್ಲು, ಅದರ ಹತ್ತಿರ ಒಬ್ಬ ಪೊಲೀಸಿನವನು. ಸಾಮಾನು ಒಳಗೆ ಹೋಗಬಹುದು, ಒಳಗಿನ ಒಂದು ಚೂರು ಕಾಗದವೂ ಹೊರಗೆ ಬರುವಂತಿಲ್ಲ. ಸಂಜೆ ಪಡಿ ಕೊಡುವವನು ಒಳಗೆ ಹೋಗಿ ಬಂದಮೇಲೆ ಅವನಿಂದ ಎಷ್ಟು ತಿಳಿದರೆ ಅಷ್ಟು.

ಅತ್ತೆ ಕೆರೆ ದಡದಲ್ಲಿ ನಿಂತು ಮಗನ ಹೆಸರು ಹಿಡಿದು ಕೂಗಿದರು. ಗಂಟಲು ಕಟ್ಟುವವರೆಗೂ ಕೂಗಿದರು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ದನಿ ಅಲ್ಲೇ ಬಿದ್ದುಹೋಗುತ್ತಿತ್ತು. ನಮ್ಮವರದು ತರಗತಿಯ ಕೊನೆಯ ಬೆಂಚಿಗೇ ಕೇಳಿಸದ ಸ್ವರ, ಅವರು ಕೂಗಿದರೂ ನಮಗೆ ಮುಟ್ಟದು. ನನ್ನ ಪಾಡು ಕೇಳಬೇಡಿ. ಗಂಡನ ಹೆಸರನ್ನು ಮೆಲ್ಲಗೆ ಕೂಡ ಹೇಳಬಾರದ ನಾನು ಕೆರೆಗೆಲ್ಲ ಕೇಳುವಂತೆ ಕೂಗುವುದೆಂತು? ಅತ್ತೆಯ ಹಿಂದೆ ನಿಂತು ಸೆರಗು ಕಚ್ಚಿಕೊಂಡು ಅತ್ತುಬಿಟ್ಟೆ.

ಸಾಬರು ಬಂದು ನಮ್ಮ ಪಕ್ಕ ನಿಂತರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಕಣ್ಣು ಮುಚ್ಚಿ ಗಾಳಿ ಕೇಳಿ, "ಯಾವ್ ಸದ್ದು ಈ ನೀರ್ ದಾಟ್ತದೆ?" ಎಂದರು. ಆ ಸಂಜೆ ಬಯಲಿಗೆಲ್ಲ ಅದೊಂದೇ ಪ್ರಶ್ನೆ. ಕೆರೆ ಏರಿಯ ಆ ತುದಿಗೆ ಗೌಡರನ್ನು ನಿಲ್ಲಿಸಿ, ಈ ತುದಿಯಲ್ಲಿ ಒಬ್ಬರು ತಟ್ಟೆ ಬಡಿದರು, ಒಬ್ಬರು ಡಬ್ಬ ಬಡಿದರು. ಶಂಖ ಊದೋಣವೆಂದರೆ ಯಾರೋ ಹೋದರೆಂದು ಜನ ಎದೆ ಹಿಡಿದುಕೊಳ್ಳುತ್ತಾರೆ, ಬೇಡವೆಂದರು. ಯಾರೋ ಬಾಯಲ್ಲಿ ಬೆರಳಿಟ್ಟು ಸಿಳ್ಳೆ ಹಾಕಿದರು. ಆ ತುದಿಯಲ್ಲಿ ಗೌಡರು ಟವಲು ಬೀಸಿದರು. ಕೀರಲು ಸದ್ದೇ ದೂರ ಹೋಗುತ್ತದೆಂದು ಸಾಬರಿಗೆ ಒಂದು ಕ್ಷಣ ಕುಣಿಯುವಷ್ಟು ಖುಷಿಯಾಯಿತು. ನಮ್ಮ ಮುಖ ನೋಡಿ ತಡೆದುಕೊಂಡರು.

ಮಾರನೆಯ ದಿನ ಮಧ್ಯಾಹ್ನದೊಳಗೆ ಎರಡು ಮರದ ಪೀಪಿ ತಯಾರಾದವು. ಬೆರಳುದ್ದದ ಹಾಲೆ ಮರ, ಒಳಗೆ ಕೊರೆದು, ಮೇಲೊಂದು ಸೀಳು ಬಿಟ್ಟು, ಬಾಯಿಗೆ ಒಂದು ಬಿರಡೆಯನ್ನು ಅರಗಿನಿಂದ ಕೂರಿಸಿದ್ದರು. ಒಂದಕ್ಕೆ ಕೆಂಪು ಬಣ್ಣ, ಒಂದಕ್ಕೆ ಹಳದಿ. ಹಳದಿಯದು ಪಡಿಯ ಜೊತೆ ನಮ್ಮವರಿಗೆ ಹೋಯಿತು: ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಅಮ್ಮ ಒಂದು ಸಲ ಊದುತ್ತಾರೆ, ಸುಖವಾಗಿದ್ದರೆ ಎರಡು ಸಲ ಊದಬೇಕು.

ಕೆಂಪು ಪೀಪಿ ರಂಗೋಲಿಯ ಗೆರೆಯ ಮೇಲೆ ಒಂದು ಎಲೆಯಲ್ಲಿ ಬಂದು ಕೂತಿತು. ಅತ್ತೆ ಅದನ್ನೇ ನೋಡುತ್ತಾ ನಿಂತರು.

"ಅಲ್ಲಪ್ಪಾ ಸಾಬರೇ, ಇದನ್ನ ಬಾಯಿಗೆ ಇಟ್ಕೋಬೇಕೇನು?"

"ಊಂ ದೊಡ್ಡಮ್ಮೋರೆ."

"ನೀವು ಊದಿ ನೋಡಿದೀರಾ?"

ಊದಿ ನೋಡದೆ ಯಾರು ಪೀಪಿ ಮಾಡುತ್ತಾರೆ? ಸಾಬರು ಸುಳ್ಳು ಹೇಳಲಿಲ್ಲ. "ನೋಡಿವ್ನಿ. ಆಮ್ಯಾಕೆ ತಿರ್ಗ ಕಡ್ದು, ಅರಗು ಕಾಯ್ಸಿ ಮೆತ್ತಿವ್ನಿ. ನೀವೇ ಯೋಳೀರಲ್ಲ, ಬಿಸಿ ಕಂಡಿದ್ದುಕ್ಕೆ ಮೈಲ್ಗೆ ಇಲ್ಲ ಅಂತ."

ಅತ್ತೆ ಪೀಪಿಯನ್ನು ಸೆರಗಿನಿಂದ ಎತ್ತಿಕೊಂಡು ಒಳಗೆ ಹೋದರು. ಮಾರನೆಯ ಬೆಳಿಗ್ಗೆ ಮಡಿಯುಟ್ಟು, ಜಪ ಮುಗಿಸಿ, ದಡಕ್ಕೆ ಹೋಗಿ ಅದನ್ನು ತುಟಿಗಿಟ್ಟರು. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ಕೂಗಿತು. ಸ್ವಲ್ಪ ಹೊತ್ತಿಗೆ ಆಚೆಯಿಂದ ಎರಡು ಕೂಗು. ಅತ್ತೆ ನನ್ನ ಕೈ ಹಿಡಿದುಕೊಂಡರು. ಅದಕ್ಕೆ ಮುಂಚೆ ಅವರು ನನ್ನ ಕೈ ಹಿಡಿದ ನೆನಪು ನನಗಿಲ್ಲ.

ಐದು ಬೆಳಗು ಹೀಗೆ ನಡೆಯಿತು. ಬಯಲಿನವರೆಲ್ಲ ಆ ಹೊತ್ತಿಗೆ ದಡಕ್ಕೆ ಬರುತ್ತಿದ್ದರು. ಆಚೆಯಿಂದ ಎರಡು ಕೂಗು ಕೇಳಿದ ಮೇಲೆಯೇ ಒಲೆ ಹಚ್ಚುತ್ತಿದ್ದರು.

ಆರನೆಯ ಬೆಳಿಗ್ಗೆ ಆಚೆಯಿಂದ ಉತ್ತರ ಬರಲಿಲ್ಲ.

ಅತ್ತೆ ಮತ್ತೆ ಊದಿದರು. ಗಾಳಿ ಹೆಚ್ಚಿರಬೇಕೆಂದು ಯಾರೋ ಅಂದರು. ಎಲೆ ಕೂಡ ಅಲುಗುತ್ತಿರಲಿಲ್ಲ. ಮತ್ತೆ ಊದಿದರು. ಬಿಸಿಲು ಮೇಲೇರಿತು. ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ಗೌಡರು ಗಡಿಕಲ್ಲಿನವರೆಗೂ ಓಡಿ ಹೋಗಿ ಬಂದು, "ಆ ಪೋಲೀಸ್ನೋನು, ಒಳ್ಗಡೆ ಸುದ್ದಿ ನಂಗೇನ್ ಗೊತ್ತು, ಸಂಜೆ ಪಡಿಯೋನು ಬತ್ತಾನೆ, ಅಲ್ಲೀಗಂಟ ಕಾಯ್ರಿ ಅಂತಾನೆ" ಎಂದರು. ಇನ್ನು ಅರ್ಧ ದಿನದ ಮಾತು. ಅತ್ತೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ, ಊದುತ್ತಲೇ ಇದ್ದರು.

ಸಾಬರು ಎದ್ದರು. ಸೊಂಟಕ್ಕೆ ಸಣ್ಣ ಉಳಿ ಸಿಕ್ಕಿಸಿಕೊಂಡರು. "ಎಲ್ಲೀಗೆ?" ಎಂದರು ಹೆಂಡತಿ.

"ಪೀಪಿ ಯಾಕೆ ಕೂಗ್ಲಿಲ್ಲ ಅಂತ ನೋಡ್ಕಬತ್ತೀನಿ."

"ಕಲ್ಲು ದಾಟುದ್ರೆ ಅತ್ತು ದಿವ್ಸ ಬುಡಲ್ಲ. ಒಳೀಕೆ ಏನೈತೋ ಏನೋ..." ಆಕೆ ಮಾತು ಮುಗಿಸಲಿಲ್ಲ. ಸಾಬರು ಆಕೆಯ ಮುಖ ನೋಡಿದರು. ಆಕೆ, "ಓಗಿ" ಎಂದರು.

ಅವರು ಏರಿಯ ಮೇಲೆ ನಡೆದುಹೋದದ್ದು, ಕಲ್ಲಿನ ಹತ್ತಿರ ಪೊಲೀಸಿನವನು ಕೈ ಬೀಸಿ ಏನೋ ಹೇಳಿದ್ದು, ಇವರು ತಲೆಯಾಡಿಸಿ ದಾಟಿದ್ದು ನಮಗೆಲ್ಲ ಕಂಡಿತು. ಆಮೇಲೆ ತೋಪು ಅವರನ್ನು ಮುಚ್ಚಿತು. ಎಷ್ಟು ಹೊತ್ತಾಯಿತೋ ತಿಳಿಯದು. ಒಂದು ಕೂಗು ಬಂತು. ಇನ್ನೊಂದು. ಆಮೇಲೆ ಲೆಕ್ಕವಿಲ್ಲದಷ್ಟು, ಹುಡುಗಾಟದ ಕೂಗು. ಗೌಡರು ಬುಗುರಿಯನ್ನು ಮೇಲಕ್ಕೆ ಎಸೆದರು. ನಾನು ಸಾಬರ ಹೆಂಡತಿಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಎಲ್ಲರೂ ಷೆಡ್ಡುಗಳತ್ತ ಓಡಿದಾಗ ಗೆರೆ ಎಲ್ಲಿತ್ತೋ, ಯಾರ ಕಾಲಿಗೆ ಸಿಕ್ಕಿ ಅಳಿಸಿಹೋಯಿತೋ ಯಾರೂ ನೋಡಲಿಲ್ಲ. ಅತ್ತೆ ಮತ್ತೆ ಅದನ್ನು ಎಳೆಯಲೂ ಇಲ್ಲ.

ಹತ್ತು ದಿನ ಕಳೆದು ನಮ್ಮವರು ನೆಟ್ಟಗೆ ಮನೆಗೆ ಬಂದರು. ಆಗಿದ್ದೇನೆಂದು ತಲೆ ತಗ್ಗಿಸಿಕೊಂಡು ಹೇಳಿದರು. ಅದೇ ಷೆಡ್ಡಿನಲ್ಲಿದ್ದ ಒಬ್ಬ ಮುದುಕರು, ಈಚೆ ದಡದಲ್ಲಿ ನನ್ನ ಮೊಮ್ಮಕ್ಕಳೂ ಇದ್ದಾರೆ, ನಾನೂ ಒಂದು ಸಲ ಊದುತ್ತೇನೆಂದು ಪೀಪಿ ಕೇಳಿದ್ದಾರೆ. ಇಲ್ಲವೆನ್ನಲು ಇವರಿಗೆ ಬಾಯಿ ಬಂದಿಲ್ಲ. ಊದಿ ಕೊಟ್ಟ ಮೇಲೆ ಎಂಜಲಾಯಿತಲ್ಲ! ಅಮ್ಮನ ಮಗ, ಕುದಿಯುವ ನೀರಿಗೆ ಹಾಕಿ ತೆಗೆದಿದ್ದಾರೆ. ಅರಗು ಕರಗಿ ಸೀಳಿನೊಳಗೆ ಇಳಿದು, ಆರಿ ಕಲ್ಲಾಗಿದೆ. ಬೆಳಿಗ್ಗೆ ಊದಿದರೆ ಉಸಿರೂ ಹೊರಡಲಿಲ್ಲ. ಅಲ್ಲಿಂದಲೇ ಕಿರುಚಿದ್ದಾರೆ, ನಮಗೆ ಕೇಳಿಸಿಲ್ಲ. ಸಾಬರು ಹೋಗಿ ಪೀಪಿ ನೋಡಿ, ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಉಳಿಯ ಮೊನೆಯಲ್ಲಿ ಅರಗು ಕೆರೆದು ತೆಗೆದರಂತೆ.

ಅತ್ತೆ ಎಲ್ಲವನ್ನೂ ಕೇಳಿ, "ಬಿಸಿನೀರಿಗೆ ಯಾಕೋ ಹಾಕ್ದೆ, ಪೆದ್ದೇ! ಎಂಜಲಾದ್ರೆ ಏನು ಮುಳುಗ್ತಿತ್ತೋ?" ಎಂದು ಮಗನ ಬೆನ್ನಿಗೆ ಒಂದು ಗುದ್ದಿದರು. ನಮ್ಮವರು ಬೆರಗಾಗಿ ನನ್ನ ಮುಖ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

ಸಾಬರು ಮಾತ್ರ ಇನ್ನೂ ಒಳಗೇ ಇದ್ದರು. ನಮ್ಮವರ ಹಳದಿ ಪೀಪಿ ಅವರ ಬಳಿ ಉಳಿದಿತ್ತು. ಉಳಿದಷ್ಟು ಬೆಳಗೂ ಅತ್ತೆ ಮಡಿಯುಟ್ಟು ದಡಕ್ಕೆ ಹೋಗಿ ಅವರಿಗಾಗಿ ಊದಿದರು. ಹಗ್ಗ ಎಳೆಯುವ ಕೆಲಸವಿಲ್ಲದೆ ಒಬ್ಬರೇ ಇದ್ದ ಅವರ ಹೆಂಡತಿ ಪಕ್ಕದಲ್ಲಿ ನಿಂತಿರುತ್ತಿದ್ದರು. ಎರಡು ಕೂಗು ಬಂದಮೇಲೆ ಇಬ್ಬರೂ ಸಾಬರನ್ನು ಬೈಯುತ್ತಾ ಹಿಂದಿರುಗುತ್ತಿದ್ದರು.

ಅವರು ಹೊರಗೆ ಬಂದ ದಿನ ನಾನೇ ಪ್ರಶ್ನೆ ಹಾಕಿದೆ. "ಸಾಬರೇ, ಸಂಜೆವರೆಗೂ ಕಾದಿದ್ದರೆ ಸುದ್ದಿ ತಾನಾಗಿ ಬರ್ತಿತ್ತು. ಅರ್ಧ ದಿನಕ್ಕೋಸ್ಕರ ಹತ್ತು ದಿನ ಯಾಕೆ ಕೊಟ್ಟಿರಿ?"

ಅವರ ಮುಖ ಅರಳಿತು. "ಒಳ್ಳೆ ಪ್ರಶ್ನೆ. ನೀವೇ ಯೋಚ್ನೆ ಮಾಡಿ."

ಸಂಜೆ ನನ್ನ ಉತ್ತರ ಕೊಟ್ಟೆ: ಪೀಪಿ ಯಾಕೆ ಕೂಗಲಿಲ್ಲವೆಂಬ ಕುತೂಹಲ ತಡೆಯಲಾರದೆ. "ಅರ್ಧ ಸರಿ" ಎಂದರು. ನನ್ನ ಅಳು ನೋಡಲಾರದೆ ಎಂದೆ. ಅಲ್ಲವೆಂದು ತಲೆಯಾಡಿಸಿದರು. ಉಳಿದರ್ಧ ಹೇಳಲಿಲ್ಲ. ಊರಿಗೆ ಹಿಂದಿರುಗಿದೆವು, ಆಮೇಲೆ ನಮ್ಮವರಿಗೆ ಮಾಗಡಿಗೆ ವರ್ಗವಾಯಿತು. ಪ್ರಶ್ನೆ ನನ್ನ ಜೊತೆ ಬಂತು.

ಕೆಲವು ವರ್ಷಗಳ ಮೇಲೆ ಸಾಬರು ಯಾವುದೋ ಕೆಲಸಕ್ಕೆ ಮಾಗಡಿಗೆ ಬಂದವರು ನಮ್ಮ ಜಗಲಿಯಲ್ಲಿ ಒಂದು ಗಳಿಗೆ ಕೂತಿದ್ದರು. ನನ್ನ ಮಗಳಿಗೆ ಬುಗುರಿ ತಂದಿದ್ದರು. ನಾನು ಹಳೆಯ ಪ್ರಶ್ನೆ ಎತ್ತಿದೆ. ಈ ಸಲ ಅವರು ಯೋಚನೆ ಮಾಡಿ ಎನ್ನಲಿಲ್ಲ.

"ಮೇಷ್ಟ್ರಮ್ಮ, ಆವತ್ತು ದೊಡ್ಡಮ್ಮೋರ ತುಟಿ ನೋಡುದ್ರಾ? ಬಿರ್ದು ರಕ್ತ ಬತ್ತಿತ್ತು. ನೀರ್ ಲೋಟಾನೂ ತುಟಿಗಿಡ್ದಿರೋ ತಾಯಿ, ನಾನ್ ಮಾಡಿದ್ ಪೀಪೀನ ಊದ್ತಾನೇ ಅವ್ರೆ. ಆ ಕಡೀಂದ ಯಾರೂ ಓಗುಡ್ತಾ ಇಲ್ಲ. ಅದುನ್ನ ಕೇಳ್ತಾ ಸಂಜೆಗಂಟ ಕುಂತಿರೋಕಾಯ್ತದಾ?"

ನಾನು ಆವತ್ತು ಅತ್ತೆಯ ತುಟಿ ನೋಡಿರಲೇ ಇಲ್ಲ. ಆಚೆ ದಡವನ್ನು ನೋಡುತ್ತಿದ್ದೆ.

ಅವರು ಹೋದ ಸುದ್ದಿ ತಂದವನು ಚನ್ನಪಟ್ಟಣದ ಕಡೆಯ ಬಳೆಗಾರ. ನನ್ನ ಕೈಗೆ ಬಳೆ ತೊಡಿಸುತ್ತಾ ಮಾತಿಗೆ ಮಾತು ಬಂದು, "ಬುಗುರಿ ಸಾಬ್ರು ಓದ್ರು ಕಣವ್ವ, ಓದ್ ತಿಂಗ್ಳು" ಎಂದ. ಕೆಮ್ಮು ದಮ್ಮು ಏನೋ, ಪ್ಲೇಗಲ್ಲ. ಹೆಂಡತಿ ಪರ ಊರಿನಲ್ಲಿದ್ದ ಮಗನ ಮನೆಗೆ ಹೋಗಿದ್ದಾರಂತೆ.

ಅತ್ತೆಗೆ ಆಗ ಕಣ್ಣು ಪೂರ್ತಿ ಮಂಜಾಗಿತ್ತು. ಗೋಡೆಗೊರಗಿ ಕೂತವರು ಎಲ್ಲವನ್ನೂ ಕೇಳಿಸಿಕೊಂಡರು. ಬಳೆಗಾರ ಹೋದಮೇಲೆ, "ನನ್ನ ಜಪದ ಡಬ್ಬಿ ತಾರೇ" ಎಂದರು. ತಂದುಕೊಟ್ಟೆ. ಜಪಮಾಲೆಯ ಕೆಳಗೆ ಕೆಂಪು ಪೀಪಿ ಇತ್ತು. ಅಷ್ಟು ವರ್ಷ ಅದು ಅಲ್ಲಿತ್ತೆಂದು ನನಗೆ ತಿಳಿದಿರಲಿಲ್ಲ.

"ಚನ್ನಪಟ್ಟಣ ಯಾವ ಕಡೆಗೆ ಬರತ್ತೆ?"

ಅವರ ಭುಜ ಹಿಡಿದು ತೆಂಕಲಿಗೆ ತಿರುಗಿಸಿ ಕೂರಿಸಿದೆ. ಪೀಪಿಯನ್ನು ತೊಳೆಯಲಿಲ್ಲ, ಒರೆಸಲೂ ಇಲ್ಲ. ತುಟಿಗಿಟ್ಟು ಒಂದು ಸಲ ಊದಿದರು. ಹಳೆಯದಾಗಿ ದನಿ ಸ್ವಲ್ಪ ಒಡೆದಿತ್ತು, ಆದರೂ ಬೀದಿಯ ಕೊನೆಯವರೆಗೆ ಕೇಳಿಸಿತು. ಆಮೇಲೆ ಅಂಗೈಯನ್ನು ಕಿವಿಯ ಹಿಂದೆ ಹಿಡಿದು ಕೂತರು.

ಹೊತ್ತಾಯಿತು. ಎಲೆ ಹಾಕಿ, ಊಟಕ್ಕೆ ಏಳಿ ಎಂದು ಕರೆದೆ.

"ಇರೇ, ಸಂಜೆವರೆಗೂ ಕಾಯೋಣ" ಎಂದರು.